ರಾಜೇಗೌಡರ ಎರಡು ಪಾಸ್‌ಪೋರ್ಟು

ರಾಜೇಗೌಡರು ಎಡಗೈ ತೋರುಬೆರಳನ್ನು ಮುಂದೆ ಮಾಡಿಕೊಂಡೇ ಮಾತಾಡುವವರು. ಊರಲ್ಲಿ ಚುನಾವಣೆ ನಡೆದ ವರ್ಷವಾದರೆ ಆ ಬೆರಳಿನ ಉಗುರಿನ ಬುಡದಲ್ಲಿ ಒಂದು ಕಪ್ಪು ಗೆರೆ ಇರುತ್ತಿತ್ತು. ಅಮೆರಿಕದ ಸನ್ನಿವೇಲಿನ ನಮ್ಮ ಅಪಾರ್ಟ್‌ಮೆಂಟಿನ ಈಜುಕೊಳದ ಪಕ್ಕದ ಬೆಂಚಿನಲ್ಲಿ ಕೂತು, ಹೋಗಿಬರುವ ಕನ್ನಡದವರನ್ನೆಲ್ಲ ಕರೆದು ಅದನ್ನು ತೋರಿಸುತ್ತಿದ್ದರು. "ಮಂಡ್ಯಕ್ಕೋಗಿ ಒತ್ಬುಟ್ಟು ಬಂದೆ ಕಣಪ್ಪ. ನೀವೆಲ್ಲ ಇಲ್ಲಿ ಟೀವಿ ನೋಡ್ಕಂಡು ಕೂತಿರಿ" ಅನ್ನುವರು. ಆ ಶಾಯಿ ತಯಾರಾಗುವುದು ನಮ್ಮ ಮೈಸೂರಿನಲ್ಲಿ. ಅದರಲ್ಲಿ ನನಗೂ ಒಂದು ಪಾಲಿದೆ ಎನ್ನುವಂತೆ ಬೆರಳನ್ನು ನನ್ನ ಮೂಗಿನವರೆಗೂ ತರುತ್ತಿದ್ದರು.

ಈಗ ಆ ಬೆರಳು ನೆನಪಾದರೆ ಮೈ ಉರಿಯುತ್ತದೆ. ಅವರ ಬಗ್ಗೆ ಪ್ರೀತಿಯಿಂದಲೇ ಬರೆಯಬೇಕೆಂದು ಕೂತಿದ್ದೇನೆ, ಆದರೆ ಮೊದಲು ಬರುವುದು ಸಿಟ್ಟೇ. ಪ್ರೀತಿ ಇಲ್ಲದವರ ಮೇಲೆ ಇಷ್ಟು ದಿನ ಸಿಟ್ಟು ಇಟ್ಟುಕೊಳ್ಳಲು ನನಗೇನು ಬೇರೆ ಕೆಲಸವಿಲ್ಲವೇ?

ಅವರು ಈ ಕಡೆಗೆ ಬಂದದ್ದು ಕಂಪ್ಯೂಟರಿನ ಚಿಪ್ಪು ಮಾಡುವ ಕಂಪನಿಯೊಂದರ ಇಂಜಿನಿಯರಾಗಿ, ನಾನಿನ್ನೂ ಸ್ಕೂಲಿನಲ್ಲಿದ್ದ ಕಾಲದಲ್ಲಿ. ಇಲ್ಲೇ ದುಡಿದು ಇಲ್ಲೇ ರಿಟೈರಾದರು. ಆದರೆ ಅವರ ತಲೆಯೊಳಗಿನ ಭೂಪಟ ಮಾತ್ರ ಬೆಂಗಳೂರು–ಮೈಸೂರು ರಸ್ತೆಯದೇ. ಸ್ಯಾನ್ ಫ್ರಾನ್ಸಿಸ್ಕೋ ಅಂದರೆ ಬೆಂಗಳೂರು, ಸೌತ್ ಸ್ಯಾನ್ ಫ್ರಾನ್ಸಿಸ್ಕೋ ಕೆಂಗೇರಿ, ಸನ್ನಿವೇಲು ಮಂಡ್ಯ. ನಡುವಿನ ಊರುಗಳಿಗೆ ರಾಮನಗರ, ಚನ್ನಪಟ್ಟಣ, ಮದ್ದೂರು ಎಂದು ಹೆಸರಿಟ್ಟು, ಫ್ರೀವೇಯಲ್ಲಿ ದಾರಿ ಕೇಳಿದವರಿಗೆ ಚನ್ನಪಟ್ಟಣ ದಾಟಿದ ಮೇಲೆ ಬಲಕ್ಕೆ ತಿರುಗಲು ಹೇಳುತ್ತಿದ್ದರು. ಹೊಸಬರು ಕಕ್ಕಾಬಿಕ್ಕಿಯಾಗುತ್ತಿದ್ದರು. ನಮಗೆ ಅದು ಅಭ್ಯಾಸವಾಗಿಹೋಗಿತ್ತು. ನಾನು ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಯೊಂದರಲ್ಲಿ ಹಸುಗೂಸುಗಳ ಡಾಕ್ಟರು. ಸಂಜೆ ರೈಲಿಳಿದು ಬರುವಾಗ ಬೆಂಚಿನಿಂದಲೇ "ಬೆಂಗ್ಳೂರಾಗೆ ಮಳೆ ಏನವ್ವ?" ಎಂದು ವಿಚಾರಿಸುವರು.

ಗ್ರೋಸರಿ ಅಂಗಡಿಗೆ ಹೋದರೆ ರಾಗಿಹಿಟ್ಟಿನ ಚೀಲವನ್ನು ಮೂಸಿ ನೋಡಿ ಅಂಗಡಿಯವನ ಜೊತೆ ಜಗಳಕ್ಕೆ ನಿಲ್ಲುವರು. ನನ್ನ ಮಗಳು ಹುಟ್ಟಿದಾಗ ನನ್ನಮ್ಮನಿಗೆ ವೀಸಾ ಸಿಗಲಿಲ್ಲ. ಬಾಣಂತನ ಮಾಡಿದ್ದು ಅವರ ಹೆಂಡತಿ ಜಯಮ್ಮ. ಮಗುವಿಗೆ ಹೊಟ್ಟೆನೋವು ಬಂದು ಕಿರುಚಿಕೊಳ್ಳುತ್ತಿದ್ದಾಗ ಎದೆಗೆ ಹಾಕಿಕೊಂಡು ಪಾರ್ಕಿಂಗ್ ಲಾಟಿನಲ್ಲಿ ಸುತ್ತಿದವರು ರಾಜೇಗೌಡರು. ಅದನ್ನು ನಾನು ಮರೆತಿಲ್ಲ. ಮರೆತಿದ್ದರೆ ಬೈಯುವುದು ಎಷ್ಟೋ ಸುಲಭವಾಗುತ್ತಿತ್ತು.

ನಾನು ಅಮೆರಿಕದ ಪ್ರಜೆಯಾಗಿ ಪ್ರಮಾಣ ಮಾಡಿಬಂದ ಮರುದಿನವೇ ಅವರು ನಮ್ಮ ಮನೆಗೆ ಬಂದರು. ಕೋಟಿನ ಎರಡೂ ಕಡೆಯ ಒಳಜೇಬುಗಳನ್ನು ತಟ್ಟಿಕೊಂಡರು.

"ಅವ್ರು ಕೊಡೋ ಪಾಸ್‌ಪೋರ್ಟ್ನ ಇಸ್ಕೊ. ನಮ್ದ ಕೊಡ್ಬೇಡ. ನೋಡು, ಎರಡೂ ನೀಲಿ. ಅವ್ರ ಹದ್ದು ಬಲಗಡೀಕೆ, ನಮ್ ಸಿಂಹ ಎಡಗಡೀಕೆ, ಎದೆ ಮ್ಯಾಲೆ. ಊರ್ಗೋಗೋ ದಾರೀಲಿ ಕೊಲಂಬೋದಾಗೆ ಇಳ್ದು ಒಂದ್ನ ಒಳೀಕೆ ಮಡಗು, ಇನ್ನೊಂದ್ನ ಈಚೆಗೆ ತೆಗಿ. ನಾನು ಹಂಗೇ ಓಡಾಡ್ತಿರೋದು."

ನಮ್ಮ ದೇಶದ ಕಾನೂನು ಇದನ್ನು ಒಪ್ಪುವುದಿಲ್ಲ. ಇನ್ನೊಂದು ದೇಶದ ಪ್ರಜೆಯಾದ ಗಳಿಗೆಯಲ್ಲೇ ನಮ್ಮದು ಹೋದಂತೆ. ಹಳೆಯ ಪಾಸ್‌ಪೋರ್ಟನ್ನು ಒಪ್ಪಿಸಿ, ರದ್ದು ಮಾಡಿಸಿ, ಆಮೇಲೆ ಓಸಿಐ ಎಂಬ ಕಾರ್ಡಿಗೆ ಅರ್ಜಿ ಹಾಕಬೇಕು. ಅದಿದ್ದರೆ ಅಲ್ಲಿ ಹೋಗಿ ಇರಬಹುದು, ಕೆಲಸ ಮಾಡಬಹುದು, ಓಟು ಮಾತ್ರ ಇಲ್ಲ. ನನ್ನ ಗಂಡ ಸುರೇಶ ತನ್ನದನ್ನು ಆ ತಿಂಗಳೇ ಒಪ್ಪಿಸಿ ಬಂದ. ನನಗೆ ಮನಸ್ಸಾಗಲಿಲ್ಲ. ನಮ್ಮ ವಾರ್ಡಿನಲ್ಲಿ ಫಿಲಿಪ್ಪೀನ್ಸಿನ ನರ್ಸ್ ಒಬ್ಬಳಿದ್ದಾಳೆ. ಅವಳ ಬಳಿ ಎರಡೂ ದೇಶದ ಪಾಸ್‌ಪೋರ್ಟಿವೆ, ಎರಡೂ ರಾಜಾರೋಷವಾಗಿ. ಎರಡು ವರ್ಷ ಊರಿಗೆ ಹೋಗಿ ಕೆಲಸ ಮಾಡಿದಳು, ಮತ್ತೆ ಬಂದಳು. ಯಾರೂ ಅವಳನ್ನು ಇದಾ ಅದಾ ಎಂದು ಕೇಳಲಿಲ್ಲ. ನನ್ನನ್ನು ಮಾತ್ರ ಯಾಕೆ ಕೇಳಬೇಕು? ಈ ಪ್ರಶ್ನೆಗೆ ಇವತ್ತಿಗೂ ನನಗೆ ಸಮಾಧಾನದ ಉತ್ತರ ಸಿಕ್ಕಿಲ್ಲ. ಅವತ್ತು ಸಿಕ್ಕಿದ್ದು ರಾಜೇಗೌಡರ ಉತ್ತರ. ಅದು ನನಗೆ ಬೇಕಾದ ಉತ್ತರವೇ ಆಗಿತ್ತು.

ಅವರು ಹೇಳಿದ ಹಾಗೆಯೇ ಎರಡು ಸಲ ಹೋಗಿಬಂದೆ. ಏನೂ ಆಗಲಿಲ್ಲ. ಬಂದು ಹೇಳಿದಾಗ ಅವರ ಮುಖ ನೋಡಬೇಕಿತ್ತು. ತಾವೇ ಹೋಗಿಬಂದಷ್ಟು ಖುಷಿಪಟ್ಟರು. ಮುದ್ರೆ ತೋರಿಸು ಎಂದು ಪಾಸ್‌ಪೋರ್ಟು ಇಸಿದುಕೊಂಡು ಒಂದೊಂದೇ ಹಾಳೆ ತಿರುವಿ ನೋಡಿದರು.

ಹೋದ ವರ್ಷ ಮೈಸೂರಿನಿಂದ ಫೋನು ಬಂತು. ನಾನು ಅಲ್ಲಿ ಓದುತ್ತಿದ್ದಾಗ ತಿಂಗಳು ತುಂಬದೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡಲು ತೊಟ್ಟಿಲ ಮೇಲೆ ಬಲ್ಬು ಇಳಿಬಿಡುತ್ತಿದ್ದೆವು. ಕರೆಂಟು ಹೋದರೆ ತಾಯಿಯ ಎದೆಗೆ ಸೀರೆಯಿಂದ ಕಟ್ಟುತ್ತಿದ್ದೆವು. ಕೆಲವು ಉಳಿಯುತ್ತಿದ್ದವು. ಉಳಿಯದ ಮಕ್ಕಳಿಗಾಗಿಯೇ ನಾನು ಈ ವಿದ್ಯೆ ಕಲಿಯಲು ಇಷ್ಟು ದೂರ ಬಂದದ್ದು. ಈಗ ಅಲ್ಲಿ ಒಂದು ಟ್ರಸ್ಟಿನ ಆಸ್ಪತ್ರೆ ಅಂಥ ಕೂಸುಗಳಿಗೆಂದೇ ಹೊಸ ವಿಭಾಗ ತೆರೆಯುತ್ತಿದೆ, ಅದನ್ನು ನಡೆಸಲು ಬರುತ್ತೀಯಾ ಎಂದು ನನ್ನ ಹಳೆಯ ಮೇಡಂ ಕೇಳಿದರು. ನಾನು ಯೋಚಿಸುತ್ತೇನೆ ಎಂದು ಕೂಡ ಹೇಳಲಿಲ್ಲ, ಬರುತ್ತೇನೆ ಅಂದುಬಿಟ್ಟೆ. ಸುರೇಶನೂ ಆಫೀಸಿನಲ್ಲಿ ಮಾತಾಡಿ ಬೆಂಗಳೂರಿಗೆ ಬದಲಾಯಿಸಿಕೊಳ್ಳಲು ಒಪ್ಪಿದ.

ಹೋಗಿ ಸೇರಲು ಓಸಿಐ ಬೇಕು. ಓಸಿಐ ಬೇಕಾದರೆ ಹಳೆಯ ಪಾಸ್‌ಪೋರ್ಟು ಒಪ್ಪಿಸಬೇಕು. ಒಪ್ಪಿಸಿದೆ. ನಾನು ಅಮೆರಿಕದವಳಾದ ತಾರೀಖು ಒಂದು ಕಾಗದದಲ್ಲಿತ್ತು. ಅದಾದ ಮೇಲೂ ಭಾರತದವಳೆಂದು ಹೇಳಿಕೊಂಡು ಓಡಾಡಿದ ಮುದ್ರೆಗಳು ಇನ್ನೊಂದರಲ್ಲಿದ್ದವು. ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ನೋಡಿದ, ಅರ್ಜಿ ತೆಗೆದುಕೊಳ್ಳುವ ಕಚೇರಿಯ ಕಿಟಕಿಯ ಹೆಂಗಸು ಗೌರವದಿಂದಲೇ ಮಾತಾಡಿದಳು. ಇದು ವಿಚಾರಣೆಗೆ ಹೋಗುತ್ತದೆ, ಅದು ಮುಗಿಯುವವರೆಗೆ ಕಾರ್ಡೂ ಇಲ್ಲ, ವೀಸಾ ಕೂಡ ಇಲ್ಲ ಎಂದಳು. ವಿವರಣೆ ಕೇಳಿದರು, ಬರೆದು ಕೊಟ್ಟೆ. ಮತ್ತೆ ಕೇಳಿದರು, ಮತ್ತೆ ಕೊಟ್ಟೆ. ಮೈಸೂರಿನವರು ಯುಗಾದಿಯವರೆಗೆ ಕಾದರು, ಬೇಸಿಗೆ ಮುಗಿಯುವವರೆಗೂ ಕಾದರು. ಆಮೇಲೆ ಮೇಡಂ ಫೋನ್ ಮಾಡಿ, "ಕೂಸುಗಳು ಕಾಯಲ್ವಲ್ಲಮ್ಮ" ಅಂದರು. ಬೇರೆಯವರನ್ನು ತೆಗೆದುಕೊಂಡಿದ್ದರು.

ಅವತ್ತು ನಾನು ನೇರವಾಗಿ ರಾಜೇಗೌಡರ ಮನೆಗೆ ನುಗ್ಗಿದೆ. ಚಪ್ಪಲಿ ಕೂಡ ಬಿಡಲಿಲ್ಲ. ಅವರು ಮುದ್ದೆಯ ಮುಂದೆ ಕೂತಿದ್ದರು. ನಿಮ್ಮ ಸಿಂಹ, ನಿಮ್ಮ ಹದ್ದು, ನಿಮ್ಮ ಕೊಲಂಬೋ ಎಂದು ಒಂದೊಂದನ್ನೇ ಎತ್ತಿ ಆಡಿದೆ. ನಾನೇನು ಹಾಲು ಕುಡಿಯುವ ಮಗುವಲ್ಲ, ಅದು ನನಗೂ ಗೊತ್ತು. ಆದರೆ ಇಷ್ಟು ವರ್ಷ ನಿಮಗೆ ಏನೂ ಆಗದೆ ನನಗೇ ಯಾಕಾಯಿತು, ನೀವು ಹೇಗೆ ತಪ್ಪಿಸಿಕೊಂಡಿರಿ, ಅದನ್ನಾದರೂ ಹೇಳಿ ಎಂದು ಕೇಳಿದೆ. ಅವರು ತುತ್ತು ಮುರಿದು ಸಾರಿಗೆ ಅದ್ದಿದರು, ಬಾಯಿಗೆ ಇಡಲಿಲ್ಲ.

ಒಳಗಿದ್ದ ಜಯಮ್ಮ ಈಚೆ ಬಂದರು. ಗೋಡೆಗೆ ತೂಗುಹಾಕಿದ್ದ ಕೋಟಿನ ಎಡಜೇಬಿಗೆ ಕೈಹಾಕಿ ಪಾಸ್‌ಪೋರ್ಟು ತೆಗೆದು ನನ್ನ ಕೈಗಿಟ್ಟರು. ಅದರ ಒಂದು ಮೂಲೆಯನ್ನು ಕತ್ತರಿಸಿದ್ದರು. ಒಳಗೆ ರದ್ದಾಗಿದೆ ಎಂಬ ಮುದ್ರೆ ಇತ್ತು. ತಾರೀಖು ನೋಡಿದೆ. ನನ್ನ ಮನೆಗೆ ಬಂದು ಎದೆ ತಟ್ಟಿಕೊಂಡ ದಿನಕ್ಕಿಂತ ಎಷ್ಟೋ ಮುಂಚಿನದು.

"ಮಗ ಹೆದ್ರುಸ್ದ ಅಂತ ಆವಾಗ್ಲೇ ಕೊಟ್ಬುಟ್ರು ಕಣವ್ವ" ಎಂದರು ಜಯಮ್ಮ. "ಕಾರ್ಡು ಮಾಡುಸ್ಕಂಡವ್ರೆ, ಎಲ್ಲಾ ಸರ್ಯಾಗೈತೆ. ಓಟೂ ಇಲ್ಲ, ಏನೂ ಇಲ್ಲ. ಮಂಡ್ಯಕ್ಕೋಗಿ ಬೂತಿನ್ ಆಚೆ ನಿಂತ್ಕಂಡು ಬತ್ತಾರೆ. ಬೆರಳ್ಗೆ ಅಚ್ಕತಿದ್ದುದ್ದು ನನ್ ತಲೆಗಚ್ಚೋ ಬಣ್ಣ."

ಇಂಥ ಸಿಟ್ಟು ನನಗೆ ಹಿಂದೆ ಬಂದಿರಲಿಲ್ಲ. ಕಾನೂನಿನ ಮೇಲೆ ಸಿಟ್ಟು ಮಾಡಿಕೊಂಡರೆ ಅದಕ್ಕೆ ಮುಖವಿಲ್ಲ. ಇಲ್ಲಿ ಮುಖವಿತ್ತು, ಅದು ತಲೆ ತಗ್ಗಿಸಿಕೊಂಡು ತಟ್ಟೆ ನೋಡುತ್ತಿತ್ತು. ತಾನು ಮಾತ್ರ ಅಚ್ಚುಕಟ್ಟಾಗಿ ಎಲ್ಲ ಒಪ್ಪಿಸಿ, ಕಾರ್ಡು ಪಡೆದು, ಬಾಗಿಲು ತೆರೆದಿಟ್ಟುಕೊಂಡು ಕೂತ ಮನುಷ್ಯ ನನಗೆ ಮಾತ್ರ ಕಳ್ಳದಾರಿ ಹೇಳಿಕೊಟ್ಟಿದ್ದ. ಆ ಬಣ್ಣದ ಬೆರಳನ್ನು ನಂಬಿ ನಾನು ನನ್ನ ಕೆಲಸ ಕಳೆದುಕೊಂಡೆ. ಪಾಸ್‌ಪೋರ್ಟನ್ನು ಮೇಜಿನ ಮೇಲೆ ಎಸೆದು ಬಂದೆ. ಆಮೇಲೆ ಬೆಂಚಿನ ಕಡೆಯ ದಾರಿಯನ್ನೇ ಬಿಟ್ಟು ಹಿಂದಿನ ಗೇಟಿನಿಂದ ಓಡಾಡತೊಡಗಿದೆ.

ತಿಂಗಳುಗಳು ಕಳೆದ ಮೇಲೆ ಸುದ್ದಿ ಬಂತು. ರಾಜೇಗೌಡರು, ಜಯಮ್ಮ ಇಬ್ಬರೂ ಮಂಡ್ಯಕ್ಕೆ ಹೋಗುತ್ತಿದ್ದಾರೆ, ಇನ್ನು ಅಲ್ಲೇ ಇರುತ್ತಾರೆ. ಗೌಡರ ತಮ್ಮನ ಮನೆಯ ಪಕ್ಕದಲ್ಲೇ ಬಾಡಿಗೆಗೆ ಹಿಡಿದಿದ್ದರಂತೆ. ನನ್ನ ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. ತಾತ ಹೋಗುತ್ತಾರಂತೆ ಎಂದರೆ, "ದೆನ್ ವೈ ಕಾಂಟ್ ವಿ?" ಅಂದಳು. ನನ್ನ ವಿಚಾರಣೆ ಆಗಲೂ ಮುಗಿದಿರಲಿಲ್ಲ.

ಹೊರಡುವ ಹಿಂದಿನ ದಿನ ಜಯಮ್ಮ ಫೋನ್ ಮಾಡಿದರು. ರಾಜೇಗೌಡರ ಹೃದಯಕ್ಕೆ ಸ್ಟೆಂಟ್ ಹಾಕಿ ಹೆಚ್ಚು ಕಾಲವಾಗಿರಲಿಲ್ಲ. ಅದನ್ನು ಹಾಕಿದ ಡಾಕ್ಟರು ಪ್ರಯಾಣ ಮಾಡಬಹುದು ಎಂದಾಗಿತ್ತು. ಆದರೂ ನಾನು ಬಂದು ನೋಡದೆ ವಿಮಾನ ಹತ್ತುವುದಿಲ್ಲವೆಂದು ಹಟ ಹಿಡಿದಿದ್ದಾರಂತೆ. ನಾನು ಹಸುಗೂಸುಗಳ ಡಾಕ್ಟರಮ್ಮ, ಅವರಿಗೆ ನಾನೇನು ನೋಡಲಿ ಅಂದೆ. ಬಾರವ್ವ ಅಂದರು. ನನ್ನ ಬಾಣಂತನ ಮಾಡಿದ ದನಿ ಅದು, ಹೋದೆ.

ಮನೆ ಖಾಲಿಯಾಗಿತ್ತು. ಪೆಟ್ಟಿಗೆಗಳ ನಡುವೆ ಒಂದೇ ಕುರ್ಚಿಯಲ್ಲಿ ರಾಜೇಗೌಡರು ಕೂತಿದ್ದರು. ಬಹಳ ಇಳಿದುಹೋಗಿದ್ದರು. ಬಿಪಿ ನೋಡಲು ತೋಳಿಗೆ ಪಟ್ಟಿ ಸುತ್ತಿದೆ, ಗಾಳಿ ತುಂಬಿಸಿದೆ, ಬಿಟ್ಟೆ. ತೋರುಬೆರಳು ಬೋಳಾಗಿತ್ತು.

"ಬೈದ್ಬುಡವ್ವ" ಅಂದರು. "ಒಳೀಕೆ ಮಡಿಕ್ಕಬೇಡ."

ಬೈದೆ. ಕಟ್ಟಿಟ್ಟುಕೊಂಡಿದ್ದನ್ನೆಲ್ಲ ಬೈದೆ. ಬಲ್ಬಿನ ಕೆಳಗಿನ ಕೂಸುಗಳ ವಿಷಯವನ್ನು ಅವರಿಗೆ ಎಂದೂ ಹೇಳಿರಲಿಲ್ಲ, ಅದನ್ನೂ ಹೇಳಿದೆ. ಆ ಕೆಲಸಕ್ಕೆ ನನ್ನ ಜೀವಮಾನವೇ ತಯಾರಾಗಿತ್ತು, ನಿಮ್ಮ ಜಂಬಕ್ಕೆ ಅದನ್ನು ತಿಂದುಬಿಟ್ಟಿರಿ ಎಂದೆ. ನಾನು ಬೈದು ಮುಗಿಸಿದ ಮೇಲೆ ಅವರು ಮೆಲ್ಲಗೆ ಬಾಯಿಬಿಟ್ಟರು.

"ನನ್ ಪಾಸ್‌ಪೋರ್ಟ್ ಮೂಲೆ ಕತ್ತರಿಸ್ದಾಗ ನಾನು ಅಲ್ಲೇ ನಿಂತಿದ್ದೆ ಕಣವ್ವ. ನಂದಂತೂ ಹೋಯ್ತು. ನಮ್ಮೋರಲ್ಲಿ ಒಬ್ರತ್ರನಾದ್ರೂ ಉಳ್ಕಳ್ಳಿ ಅನ್ನುಸ್ತು. ನನ್ ಮಾತ ನೀನೊಬ್ಳೇ ಕೇಳ್ತಿದ್ದುದ್ದು."

ಅವರ ಕಣ್ಣು ತುಂಬಿತ್ತು. ನನಗೆ ಕರುಣೆ ಬಂತು. ಬಂದಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಉಳಿಸಿಕೊಳ್ಳುವ ಆಸೆ ಅವರದು, ಬೆಲೆ ತೆತ್ತವಳು ನಾನು. ಅತ್ತರೆ ಇದು ಸರಿಹೋಗುವ ಹಾಗಿದ್ದರೆ ನಾನು ಎಂದೋ ಅತ್ತು ಮುಗಿಸುತ್ತಿದ್ದೆ.

ಬಿಪಿ ಚೆನ್ನಾಗಿದೆ, ನೀರು ಕುಡಿಯುತ್ತಿರಿ, ವಿಮಾನದಲ್ಲಿ ಆಗಾಗ ಎದ್ದು ಓಡಾಡಿ ಎಂದು ಹೇಳಿ ಪಟ್ಟಿ ಬಿಚ್ಚಿದೆ. ಜಯಮ್ಮ ನನ್ನ ಕೈಗೆ ಕುಂಕುಮದ ಭರಣಿ, ಬಾಳೆಹಣ್ಣು ಕೊಟ್ಟರು. ರಾಜೇಗೌಡರು ಕುರ್ಚಿಯ ತೋಳು ಹಿಡಿದು ಎದ್ದು ಬಾಗಿಲವರೆಗೂ ಬಂದರು.

"ಮೈಸೂರ್ಗೆ ಬಂದಾಗ ಮಂಡ್ಯದಾಗೆ ಇಳ್ದು ನಮ್ಮನೇಗೆ ಬಾರವ್ವ" ಅಂದರು. "ಒಂದೊತ್ತು ಉಣ್ಕಂಡು ಹೋಗುವಂತೆ."

ಅವರು ಮನಸ್ಸಾರೆ ಕರೆಯುತ್ತಿದ್ದರು. ನಾನು ಅಲ್ಲಿಗೆ ಬರುವಂತಿಲ್ಲ ಎಂಬುದು ಆ ಗಳಿಗೆಯಲ್ಲಿ ಅವರಿಗೆ ಮರೆತೇಹೋಗಿತ್ತು.

"ಏನು ತೋರಿಸಿ ಬರ್ಲಿ, ಅಂಕಲ್?" ಅಂದೆ.