ನೀರಕ್ಕನ ಕೈಗುಣ

ಒಲೆ ಪರೀಕ್ಷೆಯ ಶೆಡ್ಡಿನಲ್ಲಿ ಎಲ್ಲರೂ ಆಕೆಯನ್ನು ಕರೆಯುತ್ತಿದ್ದುದು ನೀರಕ್ಕ ಎಂದು. ಹದಿನೆಂಟು ವರ್ಷಗಳಿಂದ ಸಂಬಳ ಪಡೆದು ಆಕೆ ಮಾಡುತ್ತ ಬಂದ ಕೆಲಸ ಒಂದೇ. ಐದು ಲೀಟರ್ ನೀರನ್ನು ಸೌದೆ ಒಲೆಯ ಮೇಲೆ ಕುದಿಸುವುದು, ಮುಕ್ಕಾಲು ಗಂಟೆ ಕುದಿಯುತ್ತಲೇ ಇಡುವುದು, ಆಮೇಲೆ ಮೋರಿಗೆ ಚೆಲ್ಲುವುದು. ಒಂದು ಚಿಟಿಕೆ ಚಹಾಪುಡಿ ಹಾಕುವುದಕ್ಕೂ ನಿಯಮದಲ್ಲಿ ಜಾಗವಿರಲಿಲ್ಲ.

"ನಮ್ಮ ಸೊಸೆ ದಿನಕ್ಕೆ ಆರು ಸಲ ಒಲೆ ಹಚ್ತಾಳೆ. ಊಟ ಮಾತ್ರ ಒಂದು ಸಲಾನೂ ಆಗೋಲ್ಲ" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಮನೆಯಲ್ಲಿ ಗ್ಯಾಸಿನ ಮುಂದೆ ನಿಲ್ಲುತ್ತಿದ್ದವನು ದರ್ಜಿ ಗಂಡ. ಹೊಲಿಗೆಯೊಳಗೆ ಬಟ್ಟೆ ಬಿಡುವ ಅಭ್ಯಾಸದಲ್ಲಿ ಅವನು ಉಪ್ಪನ್ನೂ ಒಂದಿಷ್ಟು ಹೆಚ್ಚಿಗೇ ಬಿಡುತ್ತಿದ್ದ.

ಶೆಡ್ಡಿನಲ್ಲಿ ಒಲೆಯ ಮೇಲೆ ತಗಡಿನ ಕೊಡೆಯೊಂದಿತ್ತು. ಹೊಗೆಯೆಲ್ಲ ಅದರ ಕೊಳವೆಯಲ್ಲಿ ಹಾದು, ಬಿಸ್ಕತ್ತಿನಷ್ಟು ಅಗಲದ ಬಿಳಿ ಕಾಗದದ ಮೂಲಕ ಹೊರಹೋಗಬೇಕು. ಕಾಗದ ಬೆಳ್ಳಗೆ ಉಳಿದರೆ ಒಲೆ ಪಾಸು, ಕಪ್ಪಾದರೆ ಫೇಲು. ನೀರಕ್ಕ ಒಲೆ ಉರಿಸಿದ ದಿನ ಕಾಗದವನ್ನು ಮತ್ತೆ ಪ್ಯಾಕೆಟ್ಟಿಗೆ ಹಾಕಿ ಮಾರಬಹುದಿತ್ತು. ಆಕೆ ಸೌದೆಯನ್ನು ಹೆಬ್ಬೆರಳ ಗಾತ್ರಕ್ಕೆ ಸೀಳುವಳು, ಮೂರೇ ಕಡ್ಡಿಗಳ ತುದಿಯನ್ನು ಒಳಗಿಡುವಳು, ಉರಿದಷ್ಟನ್ನೇ ಬೆರಳಂಚಿನಲ್ಲಿ ತಳ್ಳುವಳು. ಗಾಳಿ ಸರಿಯಾಗಿ ಸಿಕ್ಕ ಬೆಂಕಿ ಹೊಟ್ಟೆ ತುಂಬಿದ ಬೆಕ್ಕಿನಂತೆ ಗುರುಗುಟ್ಟುತ್ತದೆ. ಆ ಸದ್ದು ಒಂದಿಷ್ಟು ತಗ್ಗಿದರೆ ಸಾಕು, ಆಕೆಯ ಕೈ ಮುಂದೆ ಬರುತ್ತಿತ್ತು. ನಮ್ಮಂಥವರು ಒಲೆ ಊದಿದರೆ ಮೊದಲು ಹುಬ್ಬು ಸುಡುತ್ತದೆ, ಕೊನೆಗೆ ಹೋಟೆಲಿನಿಂದ ಊಟ ಬರುತ್ತದೆ.

ಶೆಡ್ಡಿಗೆ ಇದ್ದದ್ದು ಒಬ್ಬರೇ ಎಂಜಿನಿಯರರು. ಅವರು ಮೂರು ವರ್ಷ ತಲೆ ಕೆಡಿಸಿಕೊಂಡು ಒಂಬತ್ತನೇ ನಂಬರಿನ ಒಲೆ ಮಾಡಿದರು. ಒಳಗೆ ಬ್ರೆಡ್ಡಿನಷ್ಟು ಹಗುರವಾದ ಇಟ್ಟಿಗೆ, ಮೊಣಕೈಯಂತೆ ಬಾಗಿದ ಗೂಡು, ಕಡ್ಡಿಗಳ ಅಡಿಯಿಂದ ಗಾಳಿ. ನೀರಕ್ಕ ಉರಿಸಿದಳು, ಕಾಗದ ಹಾಲು ಬಿಳುಪು. ಎಂಜಿನಿಯರರು ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗಿದರು. ಬಂದವರೆಲ್ಲ "ಖಾಲಿ ಚೌಕಟ್ಟು ಯಾಕೆ ಸಾರ್?" ಎಂದು ಕೇಳುತ್ತಿದ್ದರು.

ಆ ಒಲೆ ನಲವತ್ತು ಮನೆಗಳಿಗೆ ಹೋಯಿತು. ತಿಂಗಳೊಳಗೆ ನಲವತ್ತು ಮನೆಗಳ ಗೋಡೆಯೂ ಕಪ್ಪಾಯಿತು. "ಜನಕ್ಕೆ ಉರಿಸೋಕೆ ಬರೋಲ್ಲ" ಎಂದರು ಎಂಜಿನಿಯರರು. ಕುಣಿಯಲಾರದವಳಿಗೆ ನೆಲ ಡೊಂಕು. ಆದರೂ ಅನುಮಾನ ಅವರನ್ನು ಬಿಡಲಿಲ್ಲ. ಒಂದು ಬೆಳಿಗ್ಗೆ ಶೆಡ್ಡಿನ ಹಿಂದಿನಿಂದ ಮೂರು ಕಲ್ಲು ತಂದಿಟ್ಟು, ಅದರ ಮೇಲೇ ನೀರು ಕುದಿಸಲು ನೀರಕ್ಕನಿಗೆ ಹೇಳಿದರು. ಕಾಗದ ಹೊರಬಂದಾಗ ಒಂಬತ್ತನೇ ನಂಬರಿನದಕ್ಕೂ ಇದಕ್ಕೂ ಅಣ್ಣತಮ್ಮಂದಿರಷ್ಟೇ ವ್ಯತ್ಯಾಸ. ಅವರು ಸ್ಟೂಲು ಎಳೆದುಕೊಂಡು ಆಕೆಯ ಎದುರು ಕೂತರು.

"ನೀರಕ್ಕ, ಇಷ್ಟು ವರ್ಷ ನಾನು ಒಲೇನ ಪರೀಕ್ಷೆ ಮಾಡೇ ಇಲ್ಲ. ನಿಮ್ಮನ್ನ ಪರೀಕ್ಷೆ ಮಾಡಿದ್ದೀನಿ."

"ಪಾಸಾದೆನಾ ಸಾರ್?"

"ಅದೇ ತೊಂದರೆ."

ಮೇಲಿನವರಿಂದ ಆದೇಶ ಬಂತು. ಬರುವ ಸೋಮವಾರದೊಳಗೆ ಪರೀಕ್ಷಕಿ ಸಾಮಾನ್ಯ ಜನರಂತೆ ಒಲೆ ಉರಿಸಲು ಕಲಿಯತಕ್ಕದ್ದು, ಇಲ್ಲವಾದರೆ ಆಕೆಯನ್ನು ಸ್ಟೇಷನರಿ ಉಗ್ರಾಣಕ್ಕೆ ಕಳಿಸತಕ್ಕದ್ದು. ಕೆಲಸ ಚೆನ್ನಾಗಿ ಬರುತ್ತದೆ ಎಂಬ ಕಾರಣಕ್ಕೆ ಆ ಕಚೇರಿಯಲ್ಲಿ ಯಾರಿಗಾದರೂ ನೋಟಿಸು ಬಂದದ್ದು ಅದೇ ಮೊದಲು. ನೀರಕ್ಕ ನೋಟಿಸನ್ನು ಎರಡು ಸಲ ಓದಿದಳು. ಉಗ್ರಾಣದಲ್ಲಿ ಇರುವುದು ಗೋಂದಿನ ಬಾಟಲಿ. ಗೋಂದು ಗುರುಗುಟ್ಟುವುದಿಲ್ಲ.

ಮೂರು ದಿನ ಆಕೆ ಹೊಗೆ ಎಬ್ಬಿಸಲು ಹೆಣಗಿದಳು. ತೊಡೆಗಾತ್ರದ ಕೊರಡು ತುರುಕಿದಳು. ಮರುಕ್ಷಣ ಕೈ ಅದನ್ನು ಎಳೆದು ಸೀಳಿತ್ತು. ಹಸಿ ಸೌದೆ ತರಿಸಿದಳು. ಅದನ್ನು ಒಲೆಯ ಪಕ್ಕ ಒಣಗಲಿಟ್ಟಳು. ಸೌದೆ ತೂಗುವ ತಕ್ಕಡಿಯವನು, "ಅಕ್ಕಾ, ಮೀನು ಮುಳುಗಿ ಸಾಯೋಕೆ ನೋಡಿದ ಹಾಗಿದೆ ನಿಮ್ಮ ಕಥೆ" ಎಂದ.

ಭಾನುವಾರ ಆಕೆ ನಾದಿನಿಯ ಮನೆಗೆ ಹೋದಳು. ಅಲ್ಲಿ ಒಂಬತ್ತನೇ ನಂಬರು ಹಿತ್ತಲಲ್ಲಿ ಮಸಿ ಬಳಿದುಕೊಂಡು ಕೂತಿತ್ತು.

"ಹೊಗೆ ಎಬ್ಬಿಸೋದು ಹೇಗೆ, ಸ್ವಲ್ಪ ಹೇಳಿಕೊಡು."

"ಅತ್ತಿಗೆ, ಇದಕ್ಕೂ ಟ್ಯೂಷನ್ನಾ? ಮೊದಲು ನಿಮ್ಮ ಅಣ್ಣತಮ್ಮಂದಿರನ್ನ ಕೇಳಿ, ಬೀಡಿ ಸೇದಿ ಮನೆತುಂಬ ಹೊಗೆ ಹಾಕೋದರಲ್ಲಿ ಅವರೇ ಗಟ್ಟಿಗರು."

"ತಮಾಷೆ ಬಿಡು. ಇದು ನನ್ನ ಕೆಲಸದ ಪ್ರಶ್ನೆ."

ನಾದಿನಿ ಗೋಣು ಅಲ್ಲಾಡಿಸಿ, ಕೈಗೆ ಸಿಕ್ಕ ಕೊರಡನ್ನು ಒಲೆಗೆ ನೂಕಿ ಎದ್ದು ಹೋದಳು. ಬಟ್ಟೆ ಹಿಂಡಿದಳು, ಮಗಳ ತಲೆ ಬಾಚಿದಳು, ಗೋಡೆಯಾಚೆಯವಳ ಸೊಸೆಯ ಸಮಾಚಾರ ವಿಚಾರಿಸಿದಳು. ಒಲೆ ಉಸಿರುಗಟ್ಟಿ ಹೊಗೆ ಕಕ್ಕಿತು. ಪಾಪ, ಮನೆಯವರು ಯಾರೂ ನೋಡಲಿಲ್ಲ. ಕೈಗಳನ್ನು ಕಂಕುಳಲ್ಲಿ ಅದುಮಿಕೊಂಡು ಹೊಗೆಯಲ್ಲೇ ಕೂತಿದ್ದ ನೀರಕ್ಕನಿಗೆ ಕಣ್ಣಲ್ಲಿ ನೀರು, ತಲೆಯಲ್ಲಿ ಬೆಳಕು. ಇವಳಿಗೆ ಉರಿಸಲು ಬರುವುದಿಲ್ಲವೆಂದಲ್ಲ, ಇವಳಿಗೆ ಬೇರೆ ಕೆಲಸವಿದೆ. ಒಲೆಯ ಮುಂದೆ ಕೂತು ಅದರ ಮುಖವನ್ನೇ ನೋಡಿಕೊಂಡಿರಲು ಸಂಬಳ ಸಿಗುವುದು ಲೋಕದಲ್ಲಿ ತನಗೊಬ್ಬಳಿಗೆ.

ಸೋಮವಾರ ನೀರಕ್ಕ ಒಂಬತ್ತನೇ ನಂಬರು ಹಚ್ಚಿ, ನಾದಿನಿಯಂತೆ ಕೊರಡು ನೂಕಿ, ಎದ್ದು ನಿಂತಳು.

"ಸಾರ್, ನಿಮ್ಮ ಕೋಟು ಕೊಡಿ."

"ಯಾಕೆ?"

"ಒಗೆಯೋಕೆ. ಇಲ್ಲೇ ಕೂತರೆ ನನ್ನ ಕೈ ಮಾತು ಕೇಳೋಲ್ಲ."

ಎಂಜಿನಿಯರರು ಬಿಳಿ ಕೋಟು ಬಿಚ್ಚಿಕೊಟ್ಟರು. ಒಳಗಿನ ಬನಿಯನ್ನಿನಲ್ಲಿ ಮೂರು ತೂತುಗಳಿದ್ದವು. ತಕ್ಕಡಿಯವನು ಮರ್ಯಾದೆಯಿಂದ ಸೂರು ನೋಡಿದ.

ನಲ್ಲಿಯ ಬಳಿ ಆಕೆ ಕೋಟಿಗೆ ಸೋಪು ಹಚ್ಚಿದಳು. ಹೊಗೆಯ ವಾಸನೆ ಅಲ್ಲಿಗೂ ಬಂತು. ಪಕ್ಕದ ಮನೆಯ ಮಗು ಅಳುತ್ತಿದ್ದರೂ ಎದ್ದು ಹೋಗದೆ ಕೂತಂತಾಯಿತು. ಎರಡು ಸಲ ಕಾಲು ತಾನಾಗಿ ಶೆಡ್ಡಿನ ಕಡೆ ತಿರುಗಿತು. ಎರಡು ಸಲವೂ ಕೋಟಿಗೆ ಏಟು ಬಿತ್ತು. ಆ ಕೋಟು ಹುಟ್ಟಿದಾಗಲೂ ಅಷ್ಟು ಬೆಳ್ಳಗಿರಲಿಲ್ಲ.

ಕಾಗದ ಬಾಣಲೆಯ ತಳದಂತೆ ಹೊರಬಂತು. ಎಂಜಿನಿಯರರು ಅದನ್ನು ಬೆಳಕಿಗೆ ಹಿಡಿದು, ಲಾಟರಿ ಹೊಡೆದವರಂತೆ ನೋಡಿದರು.

"ಇದು ನಿಜವಾದ ಪರೀಕ್ಷೆ. ಈಗ ಹತ್ತನೇ ನಂಬರು ಮಾಡೋಣ, ನೋಡದೆ ಹೋದರೂ ಹೊಗೆ ಬರದ ಹಾಗೆ. ನೀವೇ ಉರಿಸಬೇಕು. ನಾಳೆ ಒಗೆಯೋಕೆ ನಮ್ಮನೆ ಪರದೆಗಳನ್ನೂ ತರ್ತೀನಿ."

"ತನ್ನಿ."

"ಇಲ್ಲೊಂದು ಸೈನ್ ಹಾಕಿ" ಎಂದು, ಕಾಗದವನ್ನು ವರದಿಗೆ ಅಂಟಿಸಿ ಆಕೆಯ ಮುಂದಿಟ್ಟರು.

ನೀರಕ್ಕ ಕಪ್ಪು ಕಾಗದವನ್ನೇ ನೋಡಿದಳು. "ಇದರ ಕೆಳಗಾ? ಬೇಡ ಸಾರ್. ಬೇಕಾದರೆ ಕೋಟಿನ ಮೇಲೆ ಹಾಕ್ತೀನಿ."

"ಸೈನ್ ಇಲ್ಲದೆ ಮೇಲಿನವರು ಒಪ್ಪೋಲ್ಲ. ಉಗ್ರಾಣ ಅಂತಾರೆ."

ಆಕೆ ಪೆನ್ನು ತೆಗೆದುಕೊಂಡು, ಸಾಸಿವೆ ಕಾಳಿಗಿಂತ ಚಿಕ್ಕದಾಗಿ ಹೆಸರು ಬರೆದಳು. ಆಮೇಲೆ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಹೊಗೆಯಾಡುತ್ತಿದ್ದ ಕೊರಡನ್ನು ಎಳೆದು, ಮೂರು ಕಡ್ಡಿಗಳ ತುದಿಯನ್ನು ಒಳಗಿಟ್ಟಳು. ಎಂಜಿನಿಯರರು ಏನೋ ಹೇಳಲು ಬಾಯಿ ತೆರೆದರು.

"ಪರೀಕ್ಷೆ ಮುಗೀತಲ್ಲ ಸಾರ್" ಎಂದಳು ನೀರಕ್ಕ.