ಪಕ್ಕದ ಸೀಟಿನ ಮಾತು ಕೇಳಿಸುವಷ್ಟು ಮೌನ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಗ್ಯಾರೇಜಿನ ಶಟರು ಅರ್ಧ ಮಾತ್ರ ಮೇಲೆದ್ದಿದೆ. ಒಳಗೆ ಹಳೆಯ ಕಾರೊಂದು ಸೀಟು, ಕಾರ್ಪೆಟ್ಟು ಎಲ್ಲವನ್ನೂ ಕಳಚಿಕೊಂಡು, ಸ್ನಾನಕ್ಕೆ ನಿಲ್ಲಿಸಿದ ಮಗುವಿನಂತೆ ಬರಿಮೈಯಲ್ಲಿ ನಿಂತಿದೆ. ಅದರ ಹೊಟ್ಟೆಯೊಳಗೆ ಮಂಡಿಯೂರಿದ ಹೆಂಗಸೊಬ್ಬರು ಬೆರಳ ಗೆಣ್ಣಿನಿಂದ ತಗಡನ್ನು ತಟ್ಟುತ್ತಿದ್ದಾರೆ. ಢಣ್. ಒಂದು ಗೇಣು ಆಚೆ, ಢಣ್. ಇನ್ನೊಂದು ಗೇಣು, ಥಪ್. ಢಣ್ ಎಂದ ಕಡೆ ಸೀಮೆಸುಣ್ಣದಲ್ಲಿ ಸುತ್ತು ಹಾಕುತ್ತಾರೆ. ಥಪ್ ಎಂದದ್ದನ್ನು ಹಾಗೇ ಬಿಟ್ಟು ಮುಂದೆ ಸರಿಯುತ್ತಾರೆ.

"ಇಷ್ಟು ಬೇಗ ಬಂದ್ರೇನೇ ಇದೆಲ್ಲ ಕೇಳ್ಸೋದು. ಆಮೇಲೆ ನಮ್ಮ ಯಜಮಾನ್ರು ಸುತ್ತಿಗೆ ಹಿಡ್ಕೊಂಡು ಬಂದ್ರೆ ಮುಗೀತು ಕಥೆ," ಎನ್ನುತ್ತಾರೆ ನನ್ನ ಕಡೆ ತಿರುಗಿ.

ಯಜಮಾನರು ಇದೇ ಗ್ಯಾರೇಜಿನ ಟಿಂಕರ್. ನೆಗ್ಗಿದ ತಗಡನ್ನು ಬಡಿದು ನೇರ ಮಾಡುವುದು ಅವರ ಕಸುಬು. "ಅವರು ದಿನವಿಡೀ ಸದ್ದು ಮಾಡ್ತಾರೆ, ನಾನು ದಿನವಿಡೀ ಸದ್ದು ಅಡಗಿಸ್ತೀನಿ. ಹೇಗೋ ಸಂಸಾರ ಸರಿದೂಗಿದೆ."

ಗ್ಯಾರೇಜಿನವರು ಇವರನ್ನು ಕರೆಯುವುದು ಗಪ್‌ಚಿಪ್ ಅಕ್ಕ ಎಂದು. ಮಾಡುವ ಕೆಲಸಕ್ಕೆ ಅಂಟಿದ ಹೆಸರು ಅದು, ಬಾಯಿಗಲ್ಲ. ಬಾಯಿಗೆ ಬಿಡುವೇ ಇಲ್ಲ. ತಂದೆ ಹಾಸಿಗೆ ಹೊಲಿಯುತ್ತಿದ್ದವರು; ಹತ್ತಿಯ ಧೂಳಿನಲ್ಲೇ ಅಕ್ಕ ಬೆಳೆದದ್ದು. ಮದುವೆಯಾಗಿ ಬಂದ ಮೇಲೆ ಕಾರಿನ ಸೀಟು ಹೊಲಿಯಲು ಕೂತರು. ಸೀಟಿನಿಂದ ನೆಲಕ್ಕೆ, ನೆಲದಿಂದ ಬಾಗಿಲಿಗೆ, ಹೀಗೆ ಕೆಲಸ ತಾನಾಗಿಯೇ ಹರಡಿಕೊಂಡಿತು. ಹಳೆಯ ಕಾರುಗಳನ್ನು ಮತ್ತೆ ಹೊಸದು ಮಾಡಿಸುವವರು ಬಣ್ಣದ ಬಗ್ಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಒಳಗಿನ ಸದ್ದು ನೆನಪಾಗುವುದು ಮೊದಲ ಸಲ ರಸ್ತೆಗಿಳಿಸಿದಾಗ.

ಮೂಲೆಯ ಕಪಾಟಿನಲ್ಲಿ ಅಕ್ಕನ ಸರಂಜಾಮು. ಡಾಂಬರಿನ ಶೀಟು, ಬೆಳ್ಳಿಹಾಳೆ ಅಂಟಿಸಿದ ಮೆತ್ತನೆ ರಬ್ಬರು, ನೀರು ಹೀರದ ಫೋಮು, ಉಣ್ಣೆಯ ದಪ್ಪ ಫೆಲ್ಟು. ಒಂದೊಂದರ ಗುಣವನ್ನೂ ಸೊಸೆಯಂದಿರ ಗುಣ ಹೇಳುವ ಅತ್ತೆಯಂತೆ ವಿವರಿಸುತ್ತಾರೆ. "ಈ ಡಾಂಬರು ಒಳ್ಳೇದೇ. ಬಿಸಿಲಿಗೆ ನಿಲ್ಸಿದ್ರೆ ಮಾತ್ರ ನಾತ ಹೊಡೆಯುತ್ತೆ. ಫೆಲ್ಟು ಸದ್ದು ನುಂಗುತ್ತೆ, ನೀರನ್ನೂ ನುಂಗುತ್ತೆ; ಒದ್ದೆಯಾದ್ರೆ ಕೆಳಗಿನ ತಗಡಿಗೆ ತುಕ್ಕು ಗ್ಯಾರಂಟಿ. ಈ ರಬ್ಬರು ಬಂಗಾರದಂಥದ್ದು. ತೂಕಾನೂ ಬಂಗಾರದ್ದೇ. ಎಲ್ಲಾ ಕಡೆ ಅಂಟಿಸಿದ್ರೆ ಈ ಮುದುಕ ಎಂಜಿನ್ನು ಏರು ಹತ್ತೋ ಹೊತ್ತಿಗೆ ಏದುಸಿರು ಬಿಡುತ್ತೆ."

ಮಂಡಿಗಳು ಮೊದಲಿನಂತಿಲ್ಲ. ಬೆಳ್ಳಿಹಾಳೆಯ ಅಂಚು ಕುಯ್ದು ಬೆರಳುಗಳ ತುಂಬ ಗೀರು. ಅಂಟಿನ ವಾಸನೆಗೆ ಮಧ್ಯಾಹ್ನದ ಊಟ ರುಚಿಸುವುದಿಲ್ಲ. ಇಷ್ಟೆಲ್ಲ ಮಾಡಿದ ಮೇಲೆ ಎಲ್ಲದರ ಮೇಲೂ ಕಾರ್ಪೆಟ್ಟು ಬೀಳುತ್ತದೆ. "ಮುಚ್ಚಿದ ಮೇಲೆ ಏನು ಮಾಡಿದೆ ಅಂತ ನನ್ನ ಕಣ್ಣಿಗೂ ಕಾಣಲ್ಲ," ಎಂದು ನಗುತ್ತಾರೆ.

ಈಗ ಬರಿಮೈಯಲ್ಲಿ ನಿಂತಿರುವ ಕಾರು ಅಕ್ಕನ ಕೈಗೆ ಎರಡನೇ ಸಲ ಬಂದಿದೆ. ಇದರ ಮಾಲೀಕರು ನಿವೃತ್ತ ಬಸ್ ಡ್ರೈವರು. ವರ್ಷಾನುಗಟ್ಟಲೆ ಬಸ್ಸಿನ ಎಂಜಿನ್ ಪಕ್ಕದಲ್ಲೇ ಕೂತು ಅವರ ಒಂದು ಕಿವಿ ಮಂದವಾಗಿದೆ. ಕಾರಿನಲ್ಲಿ ಹೆಂಡತಿ ಕೂರುವುದು ಅದೇ ಕಿವಿಯ ಕಡೆಗೆ. ಕಿವಿಗೆ ಮಷಿನ್ ಹಾಕಿಸಿದ್ದಾರೆ. ಅದು ಹೆಂಡತಿಯ ದನಿಗಿಂತ ರಸ್ತೆಯ ಗುಂಯ್‌ಗುಡುವಿಕೆಯನ್ನೇ ದೊಡ್ಡದು ಮಾಡಿ ಕೇಳಿಸುತ್ತದೆ. ಹೆಂಡತಿಯೋ ಎಳೆಗೂಸುಗಳ ವಾರ್ಡಿನಲ್ಲಿ ನರ್ಸಾಗಿದ್ದವರು. ಮಲಗಿದ ಮಗು ಏಳದ ಹಾಗೆ ಮಾತಾಡಿ ಮಾತಾಡಿ ಅವರ ದನಿ ಅಷ್ಟಕ್ಕೇ ನಿಂತುಬಿಟ್ಟಿದೆ.

"ಇವರ ಜೊತೆ ಊರೂರು ಸುತ್ತೋ ಆಸೆ ನನಗೂ ಇದೆ," ಎಂದು ನರ್ಸಮ್ಮ ಮೊದಲ ದಿನವೇ ಹೇಳಿದ್ದರು. "ಆದ್ರೆ ದಾರಿಯುದ್ದಕ್ಕೂ ಕಿರುಚಿಕೊಂಡು ಹೋಗೋದು ನನ್ನ ಕೈಲಾಗಲ್ಲ. ಸರಿ ಹೋಗ್ಲಿಲ್ಲ ಅಂದ್ರೆ ಮಾರಿಬಿಡೋಣ ಅಂತ ಇಬ್ಬರೂ ಒಪ್ಪಿದೀವಿ." ಒಪ್ಪಿದೀವಿ ಎನ್ನುವಾಗ ಡ್ರೈವರು ಸ್ಟಿಯರಿಂಗಿನ ಮೇಲೆ ಕೂತ ಧೂಳನ್ನು ಅಂಗೈಯಲ್ಲಿ ಒರೆಸುತ್ತಿದ್ದರಂತೆ.

ಅಕ್ಕ ಜಿಪುಣತನ ಮಾಡಲಿಲ್ಲ. ನೆಲಕ್ಕೆ, ಬಾಗಿಲಿಗೆ, ಚಾವಣಿಗೆ, ಎಲ್ಲೆಡೆಯೂ ಫೆಲ್ಟು ತುಂಬಿದರು. ಯಜಮಾನರನ್ನು ಸ್ಟಿಯರಿಂಗ್ ಮುಂದೆ ಕೂರಿಸಿ, ತಾವು ಪಕ್ಕದಲ್ಲಿ ಕೂತು ಒಂದು ಸುತ್ತು ಹೋಗಿಬಂದರು. ಮೆಲ್ಲಗೆ ಮಾತಾಡಿ ನೋಡಿದರು. ಯಜಮಾನರಿಗೆ ಎಲ್ಲವೂ ಸ್ಪಷ್ಟವಾಗಿ ಕೇಳಿಸಿತು. ಗಾಡಿ ರೆಡಿ ಎಂದು ಹೇಳಿ ಕಳುಹಿಸಿದರು.

ವಾರ ಕಳೆಯುವುದರೊಳಗೆ ಗಂಡಹೆಂಡತಿ ವಾಪಸು ಬಂದರು. ಗಾಡಿಯ ಸದ್ದೇನೋ ತಣ್ಣಗಾಗಿತ್ತು, ನಿಜ. ಜೊತೆಗೆ ನರ್ಸಮ್ಮನ ದನಿಯೂ ಹತ್ತಿಮೂಟೆಯೊಳಗೆ ಸಿಕ್ಕಿಕೊಂಡ ಹಾಗೆ ತಣ್ಣಗಾಗಿತ್ತು. ಅವರು ಬಾಯಿ ತೆರೆದಾಗಲೆಲ್ಲ ಡ್ರೈವರು ತುಟಿ ನೋಡಿ ಅರ್ಥ ಮಾಡಿಕೊಳ್ಳಲು ಮುಖವನ್ನೇ ಅತ್ತ ತಿರುಗಿಸುತ್ತಿದ್ದರು.

"ನಾನು ಬಾಯಿ ಮುಚ್ಕೊಂಡು ಕೂತೆ," ಎಂದರು ನರ್ಸಮ್ಮ. "ರಸ್ತೆ ನೋಡಿ ಓಡಿಸ್ಲಿ ಅಂತ."

ಅಕ್ಕನಿಗೆ ತಪ್ಪು ಹೊಳೆದದ್ದು ಆಗ. "ನಮ್ಮ ಗ್ಯಾರೇಜಲ್ಲಿ ಪಿಸುಮಾತು ಅಂದ್ರೆ ಬೇರೆಯವರ ಮನೇಲಿ ಜಗಳ. ಸುತ್ತಿಗೆ ಸದ್ದಿನ ಮೇಲೆ ಮಾತಾಡಿ ಮಾತಾಡಿ ನಮಗೆ ಮೆಲ್ಲಗೆ ಅನ್ನೋದೇ ಮರೆತುಹೋಗಿದೆ. ನಾನು ಯಾರ ದನಿಗೆ ಅಂತ ಅಳತೆ ತಗೊಂಡೆ ಹೇಳಿ? ನನ್ನದೇ ಗಂಟಲಿಗೆ. ಊರವರ ಕಾಲಿಗೆ ನನ್ನ ಚಪ್ಪಲಿ."

ಯಜಮಾನರು ಆಚೆಯಿಂದಲೇ ಕೂಗುತ್ತಾರೆ: "ನಾನು ಮೂವತ್ತು ವರ್ಷದಿಂದ ಇದನ್ನೇ ಹೇಳ್ತಾ ಇದೀನಿ ಕಣೆ, ಸ್ವಲ್ಪ ಮೆಲ್ಲಗೆ ಮಾತಾಡು ಅಂತ."

"ಹೌದೇನ್ರೀ? ಕೇಳ್ಸಿರ್ಲಿಲ್ಲ ಬಿಡಿ."

ಈ ಸಲ ಅಕ್ಕ ಚಾವಣಿಯ ಫೆಲ್ಟನ್ನು ಕಿತ್ತಿದ್ದಾರೆ, ಬಾಗಿಲುಗಳದ್ದನ್ನೂ ಕಿತ್ತಿದ್ದಾರೆ. ಮಾತು ಓಡಾಡುವುದು ತಲೆಯ ಸುತ್ತಮುತ್ತ. ಅಲ್ಲಿ ಅದನ್ನು ನುಂಗುವ ಯಾವುದೂ ಬೇಡ, ತೆಳು ಬಟ್ಟೆ ಸಾಕು. ಗುಂಯ್‌ಗುಟ್ಟುವಿಕೆ ಹತ್ತಿ ಬರುವುದು ಕೆಳಗಿನಿಂದ, ಎಂಜಿನ್ನಿನ ಕಡೆಯಿಂದ. ಆದ್ದರಿಂದ ತೂಕದ ರಬ್ಬರೆಲ್ಲ ಎಂಜಿನ್ನಿಗೂ ಕಾಲಿಡುವ ಜಾಗಕ್ಕೂ ನಡುವಿನ ತಗಡಿನ ಗೋಡೆಗೆ. ವೈರು, ಪೆಡಲು ಹಾಯುವ ತೂತುಗಳ ಸುತ್ತ ಹೊಸ ರಬ್ಬರು ಬಿಲ್ಲೆ. "ಸದ್ದು ಇಲಿ ಇದ್ದ ಹಾಗೆ. ಬಾಗಿಲಿಗೆ ಬೀಗ ಹಾಕಿ ಬಿಲ ಮರೆತ್ರೆ ಏನು ಬಂತು?" ಫೆಲ್ಟು ಇರುವುದು ಪಾದದಡಿಯಲ್ಲಿ ಮಾತ್ರ, ನೀರು ಸೋರದ ಹಾಗೆ ನೋಡಿಕೊಂಡು. ಉಳಿದಂತೆ, ಢಣ್ ಎಂದ ಕಡೆಗೊಂದು ತುಂಡು. ಸೀಮೆಸುಣ್ಣದ ಸುತ್ತುಗಳು ಒಂದೊಂದಾಗಿ ಮುಚ್ಚಿಹೋಗುತ್ತವೆ.

ಪರೀಕ್ಷೆಗೂ ಅಳತೆಗೂ ಈಗ ನರ್ಸಮ್ಮನೇ. ಕಾರ್ಪೆಟ್ಟು ಹಾಸಿ, ಸೀಟು ಕೂರಿಸಿದ ದಿನ ಅವರು ಮುಂದೆ, ಸ್ಟಿಯರಿಂಗ್ ಹಿಡಿದ ಡ್ರೈವರ ಪಕ್ಕ ಕೂರುತ್ತಾರೆ; ಅಕ್ಕನೂ ನಾನೂ ಹಿಂದೆ. ಗಾಡಿ ಓಣಿ ದಾಟಿ ದೊಡ್ಡ ರಸ್ತೆಗೆ ಬಂದು ವೇಗ ಹಿಡಿಯುತ್ತದೆ. ಏನಾದರೂ ಹೇಳಿ ಎಂದು ಅಕ್ಕ ಸನ್ನೆ ಮಾಡುತ್ತಾರೆ. ಹೇಳು ಎಂದ ಕೂಡಲೇ ಯಾರಿಗೆ ಮಾತು ಬರುತ್ತದೆ? ನರ್ಸಮ್ಮ ಕಿಟಕಿಯಾಚೆ ನೋಡುತ್ತ ಕೂರುತ್ತಾರೆ. ಆಮೇಲೆ ತಮಗೆ ತಾವೇ ಎಂಬಂತೆ:

"ಹಿತ್ತಲ ಬಾಗಿಲು ಹಾಕಿದ್ನೋ ಇಲ್ವೋ."

"ಹಾಕಿದೀಯ. ನಾನು ಚಿಲಕ ನೋಡ್ಕೊಂಡೇ ಬಂದೆ," ಎನ್ನುತ್ತಾರೆ ಡ್ರೈವರು. ಕಣ್ಣು ರಸ್ತೆಯ ಮೇಲೆ.

ನರ್ಸಮ್ಮ ಗಂಡನ ಕಡೆ ನೋಡುತ್ತಾರೆ, ಮತ್ತೆ ಮುಂದಕ್ಕೆ ನೋಡುತ್ತಾರೆ. "ಅಲ್ಲಾ, ಮೊನ್ನೆ ಒಂದು ವಿಷಯ ಹೇಳಬೇಕು ಅಂತಿದ್ದೆ," ಎಂದು ಶುರು ಮಾಡುತ್ತಾರೆ. ಅದು ಇನ್ನೊಂದಕ್ಕೆ ದಾರಿ ಮಾಡುತ್ತದೆ, ಇನ್ನೊಂದು ಮತ್ತೊಂದಕ್ಕೆ.

ಗ್ಯಾರೇಜಿನ ತಿರುವು ಬಂದು ಹೋದರೂ ಇಬ್ಬರಿಗೂ ಗಮನವಿಲ್ಲ. ಮುಂದಿನ ಸಿಗ್ನಲ್ಲಿನಲ್ಲಿ ಅಕ್ಕ ತಾವಾಗಿಯೇ ಬಾಗಿಲು ತೆರೆದು ಇಳಿದುಬಿಡುತ್ತಾರೆ, ಹಿಂದೆಯೇ ನಾನೂ. ನಡೆದುಕೊಂಡು ಬರುತ್ತೇವೆ, ನೀವು ಹೊರಡಿ ಎಂದು ಕೈ ಬೀಸುತ್ತಾರೆ. ಹಸಿರು ದೀಪ ಬೀಳುತ್ತದೆ. ಹಿಂದಿನ ಗಾಜಿನಲ್ಲಿ ಎರಡು ನರೆತ ತಲೆಗಳು. ಒಂದರ ಪಕ್ಕದಲ್ಲಿ ಮಾತಿನ ಜೊತೆ ಮೇಲೆ ಕೆಳಗೆ ಆಡುವ ಒಂದು ಕೈ. ಕಾರು ದೂರವಾಗುವ ತನಕ ಅಕ್ಕ ಫುಟ್‌ಪಾತಿನ ಅಂಚಿನಲ್ಲೇ ನಿಂತಿರುತ್ತಾರೆ.

"ಡ್ರೈವರು ಒಂದು ಸಲವೂ ಹೆಂಡತಿ ತುಟಿ ನೋಡೋಕೆ ತಲೆ ತಿರುಗಿಸ್ಲಿಲ್ಲ," ಎನ್ನುತ್ತಾರೆ. "ನೋಡಿದ್ರಲ್ಲ?"