ಕುಂಕುಮದ ಕೆಳಗಿನ ಮೂರು ಗೀರು

ನಾನು ಚಿಕ್ಕವಳಿದ್ದಾಗ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಈಗೇನು ಕಡಿಮೆಯಾಗಿಲ್ಲ ಬಿಡಿ. ಆದರೆ ಆ ಗೋಣಿಚೀಲದ ಸಹವಾಸಕ್ಕೆ ಬಿದ್ದಿದ್ದರೆ ಎಂಥ ಶಾಂತ ಮನುಷ್ಯರಿಗೂ ತಲೆ ಕೆಡುತ್ತಿತ್ತು, ಮಕ್ಕಳೇ.

ಅಪ್ಪ ತಾವರಗೇರಾದಲ್ಲಿ ಬಡಿಗ. ಒಮ್ಮೆ ಮಾಳಿಗೆಯಿಂದ ಬಿದ್ದು ಅವನ ಬಲತೋಳು ಎದೆಯಿಂದ ಮೇಲೆ ಏಳದಂತಾಯಿತು. ರಂದಾ ಹೊಡೆದು ಹಲಗೆ ನುಣುಪು ಮಾಡುವುದಂತೂ ದೂರವೇ ಉಳಿಯಿತು. ಆಗ ಗಂಗಾವತಿಯ ಮುದುಕ ಬಡಿಗನೊಬ್ಬನಿಂದ ಹಳೆಯ ಯಂತ್ರವೊಂದನ್ನು ತಂದ. ಕೊಯ್ಯುವುದು, ರಂದಾ ಹೊಡೆಯುವುದು, ತೂತು ಕೊರೆಯುವುದು ಎಲ್ಲವನ್ನೂ ಅದೊಂದೇ ಮಾಡುತ್ತದಂತೆ. ಜೊತೆಗೆ ಒಂದು ಗೋಣಿಚೀಲ, ಅದರೊಳಗೆ ಹನ್ನೊಂದು ಕಬ್ಬಿಣದ ಬಿಡಿಭಾಗಗಳು. ಯಾವುದನ್ನು ಎಲ್ಲಿ ಜೋಡಿಸಬೇಕೆಂದು ಹೇಳುವ ಪುಸ್ತಕವಿಲ್ಲ. ಹೋಗಿ ಕೇಳೋಣವೆಂದರೆ ಆ ಮುದುಕ ಎಂಟೇ ದಿನಕ್ಕೆ ತೀರಿಕೊಂಡಿದ್ದ.

ಬಂದ ದಿನವೇ ಆಯಿ, ಅಂದರೆ ಅಪ್ಪನ ತಾಯಿ, ಯಂತ್ರಕ್ಕೂ ಹನ್ನೊಂದು ತುಂಡುಗಳಿಗೂ ವಿಭೂತಿ ಬಳಿದು, ಸಪಾಟು ಜಾಗ ಕಂಡಲ್ಲೆಲ್ಲ ಕುಂಕುಮ ಮೆತ್ತಿ, ಕಾಯಿ ಒಡೆದಿದ್ದಳು. ಪೂಜೆ ಮಾಡಿದ ಕಬ್ಬಿಣದ ಕುಂಕುಮವನ್ನು ನಮ್ಮ ಮನೆಯಲ್ಲಿ ಯಾರೂ ಒರೆಸುವ ಹಾಗಿರಲಿಲ್ಲ. ಅದು ತಾನಾಗಿಯೇ ಉದುರಬೇಕು. ಅಪ್ಪ ಉಳಿದ ಕಡೆಯೆಲ್ಲ ಸೀಮೆಎಣ್ಣೆ ಹಾಕಿ ತಿಕ್ಕಿದ. ಕುಂಕುಮವಿದ್ದ ಕಡೆ ಬೆರಳೂ ಸೋಕಿಸಲಿಲ್ಲ.

ತಿಂಗಳಿಡೀ ಅದೇ ಗೋಳು. ಸಾಲೆಯಿಂದ ಬಂದೊಡನೆ ನಾನು ತುಂಡು ಹಿಡಿಯಬೇಕು, ಅಪ್ಪ ಎಡಗೈಯಲ್ಲಿ ತಿರುಗಿಸಿ ನೋಡಬೇಕು. ಹೆಸರು ಗೊತ್ತಿಲ್ಲದೆ ನಾವೇ ಕುದುರೆಲಾಳ, ಬಾಚಣಿಗೆ, ಕಿವಿಹರಕ ಎಂದೆಲ್ಲ ಹೆಸರಿಟ್ಟಿದ್ದೆವು. ಕುದುರೆಲಾಳ ನಾಲ್ಕು ಕಡೆ ಕೂರುತ್ತಿತ್ತು, ನಾಲ್ಕೂ ಕಡೆ ಗಡಗಡ ಅಲುಗಾಡುತ್ತಿತ್ತು. ನನ್ನ ಕೈಗೆ ಹತ್ತಿದ ಸೀಮೆಎಣ್ಣೆಯ ವಾಸನೆ ಊಟ ಮಾಡುವಾಗಲೂ ಹೋಗುತ್ತಿರಲಿಲ್ಲ.

ಒಂದು ಭಾನುವಾರ ಬೆಳಗ್ಗೆ ಅಪ್ಪ ನಟ್ಟು ಬಿಗಿಸುವ ಪಾನಾ ಕೆಳಗಿಟ್ಟ. “ಸಂಜಿಗೆ ಗುಜರಿಯಾವ ಬರ್ತಾನ, ಒಯ್ಲಿ. ನಾ ಗಂಗಾವತಿ ಮಿಲ್ಲಿಗೆ ಕಾವಲಿಗೆ ಹೋಗ್ತೀನಿ,” ಎಂದ.

ಕಟ್ಟಿಗೆಯ ಮೈ ಸವರಿಯೇ ಅದು ಬೇವೋ ಜಾಲಿಯೋ ಹೇಳುತ್ತಿದ್ದ ಅಪ್ಪ, ಯಾರದೋ ಗೇಟು ಕಾಯುವುದೇ? ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ಕೈಯಲ್ಲಿದ್ದ ಕುದುರೆಲಾಳವನ್ನು ಎಮ್ಮೆ ನೀರು ಕುಡಿಯುವ ಬಾನಿಗೆ ಎಸೆದೆ.

“ಪೂಜಿ ಮಾಡಿದ್ದನ್ನ ಎಮ್ಮಿ ನೀರಾಗ ಒಗದಿ ಏನ? ತಗಿ ಮೊದ್ಲ ಅದನ್ನ,” ಎಂದು ಆಯಿ ನನ್ನನ್ನು ಬಡಿಯಲು ಎದ್ದಳು. ಬಾನಿಯಲ್ಲಿ ಮೊಣಕೈವರೆಗೆ ಕೈಹಾಕಿ ತೆಗೆದು ಲಂಗಕ್ಕೆ ಒರೆಸಿದೆ. ಲಂಗ ಕೆಂಪಾಯಿತು. ಕುಂಕುಮ ಹೋದ ಜಾಗದಲ್ಲಿ ಉಳಿಯಿಂದ ಹೊಡೆದ ಮೂರು ಗೀರು ಕಂಡವು.

ಅಪ್ಪ ಅದನ್ನು ಕಿತ್ತುಕೊಂಡು ಗೀರುಗಳ ಮೇಲೆ ಹೆಬ್ಬೆರಳಾಡಿಸಿದ. ಹಳೆಯ ಮನೆ ಬಿಚ್ಚುವಾಗ ನಮ್ಮ ಬಡಿಗರು ಕಂಬಕ್ಕೂ ತೊಲೆಗೂ ಹೀಗೆಯೇ ಗೀರು ಹಾಕುತ್ತಾರೆ. ಮೂರು ಗೀರಿನ ತೊಲೆ ಮೂರು ಗೀರಿನ ಕಂಬಕ್ಕೆ. ಅಪ್ಪನೇ ಎಷ್ಟೋ ಸಲ ಹಾಕಿದ್ದ. ಗಂಗಾವತಿಯ ಆ ಪುಣ್ಯಾತ್ಮ ಎಲ್ಲವನ್ನೂ ಗುರುತು ಹಾಕಿಯೇ ಕಳಿಸಿದ್ದ. ನಾವು ಅದರ ಮೇಲೆ ಕುಂಕುಮ ಮೆತ್ತಿ ತಿಂಗಳಿಡೀ ಕೈ ಮುಗಿದಿದ್ದೆವು.

“ಎವ್ವಾ, ಒರಸ್ಲೇನು?” ಎಂದು ಅಪ್ಪ ಆಯಿಯನ್ನು ಕೇಳಿದ. ಆಯಿ ತುಂಡುಗಳನ್ನು ಒಂದೊಂದಾಗಿ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಒಂದು ತುಂಡನ್ನು ಸೆರಗಿನಲ್ಲಿ ಸುತ್ತಿಕೊಂಡು, “ಇದೊಂದರ ಇರ್ಲಿ ಬಿಡಪಾ. ಉಳದದ್ದು ತೊಳ್ಕೊ,” ಎಂದು ಅದನ್ನು ದೇವರ ಗೂಡಿನಲ್ಲಿಟ್ಟಳು.

ಉಳಿದ ಹತ್ತನ್ನೂ ಯಂತ್ರವನ್ನೂ ನಾನೇ ತೊಳೆದೆ. ತುಂಡುಗಳ ಮೇಲಿದ್ದ ಗೀರುಗಳೇ ಯಂತ್ರದ ಮೈಮೇಲೂ ಕಂಡವು. ಸಂಜೆಯೊಳಗೆ ಹತ್ತೂ ತಮ್ಮ ಜಾಗ ಸೇರಿದವು, ಹನ್ನೊಂದನೆಯದು ಇಲ್ಲದೆಯೂ ಯಂತ್ರ ಓಡಿತು. ಗುಜರಿಯವನು ಬಂದು ಕೂಗಿದ್ದು ಯಂತ್ರದ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಓಣಿಯ ತುಂಬ ಕೊಯ್ದ ಬೇವಿನ ಹೊಟ್ಟಿನ ಕಹಿ ವಾಸನೆ ಹರಡಿತ್ತು. ಅಪ್ಪ ಮಿಲ್ಲಿಗೆ ಹೋಗಲಿಲ್ಲ.

ಈಗ ನಿಮಗೆ ಅಂಥ ಗೋಳಿಲ್ಲ. ಯಾವ ವಸ್ತುವಿನ ಮುಂದೆ ಹಿಡಿದರೂ ಫೋನು ಅದರ ಹೆಸರು ಹೇಳಿಬಿಡುತ್ತದೆ. ಮೊನ್ನೆ, ನಾನು ತವರಿನಿಂದ ತಂದಿಟ್ಟುಕೊಂಡ ಆ ಹನ್ನೊಂದನೆಯ ತುಂಡಿನ ಮುಂದೆಯೂ ಹಿಡಿದಿರಿ. ಅದು ದೇವರ ಮೂರ್ತಿ ಎಂದಿತು ನಿಮ್ಮ ಫೋನು. ಬಿದ್ದು ಬಿದ್ದು ನಕ್ಕಿರಿ. ತೊಳೆದು ನೋಡೋಣ ಎಂದಿದ್ದಕ್ಕೆ ನಾನು ರೇಗಿದೆ. ಯಾಕೆಂದು ಈಗ ಕೇಳಿ.

ಆಯಿ ಹೋದ ಮೇಲೆ ಪ್ರತಿ ಮಹಾನವಮಿಗೂ ಅಪ್ಪ ಏಳದ ಆ ಬಲತೋಳನ್ನು ಎಡಗೈಯಿಂದ ಎತ್ತಿ, ಗೂಡಿನವರೆಗೆ ಮುಟ್ಟಿಸಿ, ಆ ತುಂಡಿಗೆ ಕುಂಕುಮ ಹಚ್ಚುತ್ತಿದ್ದ. ಕೊನೆಯ ಸಲ ಹಚ್ಚಿದ್ದರಲ್ಲಿ ಅವನ ಹೆಬ್ಬೆರಳಿನ ಗುರುತು ಇನ್ನೂ ಇದೆ. ಹತ್ತನ್ನು ತೊಳೆದವಳು ನಾನೇ. ಅದೊಂದನ್ನು ತೊಳೆಯಲು ನನಗೆ ಕೈ ಬರುವುದಿಲ್ಲ.